ಮಿಲ್ಲಿನ ಸರ್ವರ್‌ಗೆ ಸೋಮವಾರದ ಸೂಟಿ

ಚೆನ್ನಾಗಿ ನಡೆಯುತ್ತಿರುವುದನ್ನು ನಿಲ್ಲಿಸಿ ಎಂದು ಹೇಳಿಯೇ ಹೊಟ್ಟೆ ಹೊರೆಯುವವಳು ನಾನು. ಕೆಟ್ಟದ್ದನ್ನು ರಿಪೇರಿ ಮಾಡುವವರಿಗೆ ಊರಲ್ಲಿ ಮರ್ಯಾದೆ ಇದೆ. ಚಹ ಸಿಗುತ್ತದೆ, ಒಮ್ಮೊಮ್ಮೆ ಅವಲಕ್ಕಿಯೂ ಸಿಗುತ್ತದೆ. ಕೆಡದೇ ಇರುವುದನ್ನು ರಿಪೇರಿ ಮಾಡಲು ಹೋಗುವವಳಿಗೆ ಸಿಗುವುದು ಸಂಶಯದ ನೋಟ ಮಾತ್ರ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯಿಂದ ನಾನು ಸ್ಕೂಟರ್ ಹತ್ತಿ ಹೊರಟೆನೆಂದರೆ ಶಹಾಪುರದ ಸೀರೆ ವ್ಯಾಪಾರಿಗಳು ಒಬ್ಬರಿಗೊಬ್ಬರು ಫೋನ್ ಮಾಡಿ, ಬಂದ್ ಮಾಡೋ ಅಕ್ಕ ಬಂದಳು ಎಂದು ಎಚ್ಚರಿಸುತ್ತಾರೆ ಎಂಬ ಗುಮಾನಿ ನನಗೆ ಬಹಳ ವರ್ಷಗಳಿಂದ ಇದೆ.

ವ್ಯಾಪಾರಸ್ಥರ ಸರ್ವರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಸರ್ವರ್ ಎಂದರೆ ಅಂಗಡಿಯ ದಾಸ್ತಾನು, ಬಿಲ್ಲು, ಗಿರಾಕಿಗಳ ವಿವರ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮೂಲೆಯಲ್ಲಿ ಗುಂಯ್ ಎನ್ನುತ್ತ ಕೂತಿರುವ ಕಂಪ್ಯೂಟರ್. ಅದರ ಒಳಗಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಮದುವೆ ಮನೆಯಲ್ಲಿ ಉಗ್ರಾಣದ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯೊಬ್ಬಳು ಇರುತ್ತಾಳಲ್ಲ, ಹೆಚ್ಚುಕಡಿಮೆ ಹಾಗೆ. ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ಅವಳ ಅಪ್ಪಣೆಯಿಲ್ಲದೆ ಒಂದು ಲಾಡು ಹೊರಬರುವುದಿಲ್ಲ. ಇಂಥ ಅತ್ತೆಗೂ ದೌರ್ಬಲ್ಯಗಳಿರುತ್ತವೆ. ಯಾರೋ ಒಬ್ಬ ಪುಣ್ಯಾತ್ಮ ಒಂದು ವಿಚಿತ್ರ ರೀತಿಯಲ್ಲಿ ಒಂದು ವಿಚಿತ್ರ ಪ್ರಶ್ನೆ ಕೇಳಿದರೆ, ಪಾಪ, ಗಲಿಬಿಲಿಯಾಗಿ ಬೀಗದ ಕೈಯನ್ನೇ ಕೊಟ್ಟುಬಿಡುತ್ತಾಳೆ. ಎಲೆ ಎತ್ತಲು ಬಂದವನು ಮನೆಯ ಯಜಮಾನನಾಗಿಬಿಡುತ್ತಾನೆ. ಇಂಥ ಕಿಂಡಿಗಳನ್ನು ಮುಚ್ಚಲು ಜಗತ್ತಿನ ಎಲ್ಲೆಲ್ಲಿಯೋ ಕೂತ ಜಾಣರು ತೇಪೆಗಳನ್ನು ಹೊಲಿದು ಕಳಿಸುತ್ತಾರೆ. ಹಚ್ಚುವುದು ನನ್ನಂಥವರ ಪಾಲಿಗೆ.

ಇದರಲ್ಲಿ ಒಂದು ತಮಾಷೆ ಇದೆ. ತೇಪೆ ಬಂದ ದಿನವೇ ಕಿಂಡಿ ಎಲ್ಲಿದೆ ಎಂಬುದೂ ಜಗಜ್ಜಾಹೀರಾಗುತ್ತದೆ. ಇಂಥ ಮಾದರಿಯ ಬಾಗಿಲಿನ ಚಿಲಕ ಸಡಿಲವಾಗಿದೆ, ದಯವಿಟ್ಟು ಬಿಗಿ ಮಾಡಿಕೊಳ್ಳಿ ಎಂದು ರಿಕ್ಷಾಕ್ಕೆ ಮೈಕು ಕಟ್ಟಿ ಓಣಿ ಓಣಿ ಸಾರಿದ ಹಾಗೆ. ಮನೆಯವರೂ ಕೇಳುತ್ತಾರೆ, ಕಳ್ಳರೂ ಕೇಳುತ್ತಾರೆ. ಕಳ್ಳರು ತಕ್ಷಣ ಎದ್ದು ಹೊರಡುತ್ತಾರೆ. ಮನೆಯವರು ಮುಂದಿನ ವಾರ ನೋಡೋಣ ಎಂದು ಮಗ್ಗುಲು ಬದಲಿಸುತ್ತಾರೆ. ಯಾಕೆಂದರೆ ಈ ತೇಪೆ ಸರಿಯಾಗಿ ಕೂರಬೇಕಾದರೆ ಯಂತ್ರವನ್ನು ಒಮ್ಮೆ ನಿಲ್ಲಿಸಿ ಮತ್ತೆ ಏಳಿಸಬೇಕು. ಓಡುತ್ತಿರುವಾಗಲೇ ಹೊಲಿಯುವ ವಿದ್ಯೆಯೂ ಈಗ ಬಂದಿದೆ, ಆದರೆ ನನ್ನ ಗಿರಾಕಿಗಳ ಹಳೆಯ ಯಂತ್ರಗಳಿಗೆ ಆ ಭಾಗ್ಯವಿಲ್ಲ. ನಿಲ್ಲಿಸುವುದು ಎಂಬ ಶಬ್ದ ಬಿದ್ದರೆ ಸಾಕು, ವ್ಯಾಪಾರಿಯ ಮುಖ ಸಣ್ಣದಾಗುತ್ತದೆ.

ಆ ಪೈಕಿ ಖಾನಾಪುರದ ಈರಪ್ಪ ಸಾವುಕಾರರನ್ನು ಮೀರಿಸಿದವರಿಲ್ಲ. ಜಾಂಬೋಟಿ ರಸ್ತೆಯಲ್ಲಿ ಅವರದೊಂದು ಅಕ್ಕಿ ಗಿರಣಿ, ಬೆಳಗಾವಿಯಲ್ಲೊಂದು ಅಕ್ಕಿ ಅಂಗಡಿ. ಗಿರಣಿಯ ಸರ್ವರನ್ನು ಅಂಗಡಿಯಿಂದಲೂ ನೋಡಬೇಕಾದ್ದರಿಂದ ಅದು ಸದಾ ಇಂಟರ್ನೆಟ್ಟಿಗೆ ಮುಖ ತೋರಿಸಿಕೊಂಡೇ ಇರುತ್ತದೆ. ಭತ್ತ ಮಾರಿದ ರೈತರ ಹೆಸರು, ತೂಕ, ಬ್ಯಾಂಕಿನ ಖಾತೆ ಎಲ್ಲ ಅದರೊಳಗೇ ಇದೆ. ಸಾವುಕಾರರು ಅದನ್ನು ಒಂದು ದೀಪಾವಳಿಯ ಪಾಡ್ಯದ ದಿನ ಪೂಜೆ ಮಾಡಿ ಶುರು ಮಾಡಿದ್ದರು. ಲಕ್ಷ್ಮಿಯ ಮುಂದಿನ ದೀಪಕ್ಕೂ ಇದಕ್ಕೂ ಅವರಿಗೆ ವ್ಯತ್ಯಾಸವೇ ಕಾಣಲಿಲ್ಲ. ಕರೆಂಟು ಹೋದರೆ ಆರಬಾರದೆಂದು ಜನರೇಟರ್ ಹಾಕಿಸಿದರು. ಯಾರೂ ಕೈ ಹಚ್ಚದಿರಲಿ ಎಂದು ಬಂದ್ ಮಾಡುವ ಗುಂಡಿಯ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದರು. ಬಂದ ಬೀಗರಿಗೆಲ್ಲ ಅದನ್ನು ತೋರಿಸಿ, ಹಚ್ಚಿದಾಗಿನಿಂದ ಒಮ್ಮೆಯೂ ಆರಿಲ್ಲ ಎಂದು ಹೆಮ್ಮೆಪಡುತ್ತಿದ್ದರು. ಬೀಗರು ಕೈ ಮುಗಿಯುತ್ತಿದ್ದರು. ನಾನು ಮಾತ್ರ ಅದನ್ನು ನೋಡಿದಾಗಲೆಲ್ಲ ಲೆಕ್ಕ ಹಾಕುತ್ತಿದ್ದೆ. ಒಮ್ಮೆಯೂ ಆರಿಲ್ಲ ಎಂದರೆ ಅಷ್ಟು ವರ್ಷಗಳ ಒಂದು ತೇಪೆಯೂ ಕೂತಿಲ್ಲ ಎಂದೇ ಅರ್ಥ.

ಕಳೆದ ಸುಗ್ಗಿಯಲ್ಲಿ ಹೊಸದೊಂದು ಕಿಂಡಿಯ ಸುದ್ದಿ ಬಂತು. ಸಣ್ಣಪುಟ್ಟದ್ದಲ್ಲ, ಅತ್ತೆ ಬೀಗದ ಕೈಯನ್ನು ದಾರಿಯಲ್ಲಿ ಹೋಗುವವರಿಗೆ ಕರೆದು ಕೊಡುವಂಥದ್ದು. ಒಂದು ಸೋಮವಾರ ಬೆಳಿಗ್ಗೆ ಖಾನಾಪುರಕ್ಕೆ ಓಡಿದೆ. ಸಾವುಕಾರರು ಚಹ ತರಿಸಿದರು. ನಾನು ಕಿಂಡಿ, ಕಳ್ಳರು, ರೈತರ ಖಾತೆ ಎಲ್ಲವನ್ನೂ ವರ್ಣಿಸಿದೆ. ಪುರಾಣ ಕೇಳುವ ಶ್ರದ್ಧೆಯಿಂದ ಕೇಳಿದರು. ಹಿಂದೆ ಇದೇ ಪುರಾಣಕ್ಕೆ ಶ್ರಾವಣ ಮುಗೀಲಿ ಎಂದಿದ್ದರು, ಆಮೇಲೆ ದಸರೆ ಮುಗೀಲಿ ಎಂದಿದ್ದರು. ಈ ಸಲ ಸುಗ್ಗಿ ಮುಗೀಲಿ ಎಂದರು.

“ಛಲೋ ನಡದದ ಅಲ್ರೀ ಅಕ್ಕಾರ,” ಎಂದರು. “ನಡಿಯೂದನ್ನ ಯಾಕ ನಿಂದರಸ್ತೀರಿ?”

ನನಗೆ ಸಿಟ್ಟು ಬಂತು. ಸಿಟ್ಟು ಬಂದಾಗ ನಾನು ಕಿಟಕಿಯ ಹೊರಗೆ ನೋಡುತ್ತೇನೆ, ಗಿರಾಕಿಯ ಮುಖ ನೋಡಿದರೆ ಗಿರಾಕಿ ಉಳಿಯುವುದಿಲ್ಲ. ಹೊರಗೆ ಹುಣಸೆ ಗಿಡದ ಕೆಳಗೆ ಸಾವುಕಾರರ ಎತ್ತಿನ ಜೋಡಿ ಕಾಲು ಮಡಚಿ ಮಲಗಿ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಸುಗ್ಗಿಯಲ್ಲಿ ಇವಕ್ಕೆ ಕೆಲಸವಿಲ್ಲವೇ ಎಂದು ಕೇಳಿದೆ. ಇವತ್ತು ಸೋಮವಾರ ಎಂದು ಅವರು ಸಣ್ಣ ಮಗುವಿಗೆ ಹೇಳುವಂತೆ ಹೇಳಿದರು. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ, ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಸೋಮವಾರ ಗಿರಣಿಗೆ ಭತ್ತ ತರುವವರು ಕಡಿಮೆಯೇ.

ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. “ಮತ್ತ ಈ ಮೂಲ್ಯಾಗಿಂದಕ್ಕ ಸೋಮವಾರ ಯಾವಾಗ್ರೀ ಸಾವುಕಾರ್ರ? ನೊಗ ಹೂಡಿದಾಗಿಂದ ಒಂದು ದಿನಾನೂ ಬಿಟ್ಟಿಲ್ಲಲ್ಲ.”

ಕುಟುಕಲೆಂದು ಆಡಿದ ಮಾತು ಅದು, ಒಪ್ಪಿಸಲೆಂದಲ್ಲ. ಆದರೆ ಸಾವುಕಾರರ ಕೈಯಲ್ಲಿದ್ದ ಚಹದ ಕಪ್ಪು ಅಲ್ಲೇ ನಿಂತಿತು. ಎದ್ದರು, ಚಪ್ಪಲಿ ಬಿಟ್ಟರು, ಮೂಲೆಗೆ ಹೋಗಿ ಯಂತ್ರದ ಬೆನ್ನ ಮೇಲೆ ಕೈಯಿಟ್ಟರು. ತಿರುಗಿದಾಗ ಅವರ ಮುಖ ನೋಡಿ ನನಗೇ ಕಸಿವಿಸಿಯಾಯಿತು.

“ಮೈ ಕಾಯ್ದದ್ರೀ,” ಎಂದರು. “ನೊಗ ಬಿಚ್ಚರಿ ಇದರದು. ಈಗ ಬಿಚ್ಚರಿ.”

ಗೆದ್ದೆ ಎಂದುಕೊಂಡೆ. ಚಹ ಆರುವುದರೊಳಗೆ ನಿಲ್ಲಿಸಿ ಏಳಿಸಿಬಿಡುತ್ತೇನೆ ಎಂದೆ. ಸಾವುಕಾರರು ಸುತರಾಂ ಒಪ್ಪಲಿಲ್ಲ. ಎತ್ತಿಗೆ ಯಾರಾದರೂ ಚಹದ ಹೊತ್ತಿನ ಸೂಟಿ ಕೊಡುತ್ತಾರೆಯೇ? ಸೂರ್ಯ ಮುಳುಗುವವರೆಗೆ ಮಲಗಲಿ ಎಂದು ಪಟ್ಟು ಹಿಡಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಗಿರಾಕಿಗಳಿಗೆ ನಾವು ಹೇಳದ ಗುಟ್ಟೊಂದಿದೆ. ವರ್ಷಗಟ್ಟಲೆ ಬಿಸಿಯಲ್ಲೇ ತಿರುಗಿದ ಯಂತ್ರ ಪೂರ್ತಿ ತಣ್ಣಗಾದರೆ ಮತ್ತೆ ಏಳುತ್ತದೆಂಬ ಖಾತ್ರಿಯಿಲ್ಲ. ಅವರು ನಿಲ್ಲಿಸಲು ಹೆದರುತ್ತಾರೆ, ನಾವು ಏಳದಿದ್ದರೆ ಎಂದು ಹೆದರುತ್ತೇವೆ. ನಮ್ಮ ಹೆದರಿಕೆಗೆ ಇಂಗ್ಲಿಷ್ ಬರುತ್ತದೆ ಅಷ್ಟೆ. ಮರುದಿನ ಬೆಳಗಾದರೆ ಜಾಂಬೋಟಿ ಕಡೆಯ ಭತ್ತದ ಟ್ರ್ಯಾಕ್ಟರುಗಳು ಗೇಟಿನ ಮುಂದೆ ಸಾಲುಗಟ್ಟುತ್ತವೆ. ಇದು ಏಳದಿದ್ದರೆ ತೂಕವಿಲ್ಲ, ರೈತರಿಗೆ ಪಾವತಿಯಿಲ್ಲ, ಖಾನಾಪುರದಿಂದ ಬೆಳಗಾವಿಯವರೆಗೆ ನನ್ನ ಹೆಸರಿಗೂ ಬೆಲೆಯಿಲ್ಲ.

ಎಲ್ಲ ಮಾಹಿತಿಯನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿದೆ. ನಕಲು ಸರಿಯಿದೆಯೇ ಎಂದು ತೆರೆದು ನೋಡಿದೆ. ನಂಬಿಕೆ ಸಾಲದೆ ಇನ್ನೊಂದು ನಕಲು ಮಾಡಿದೆ. ತೇಪೆ ಹಚ್ಚಿಟ್ಟು, ಸಾವುಕಾರರ ಮುಖ ನೋಡಿ, ಬಂದ್ ಮಾಡಿದೆ. ಅಷ್ಟು ವರ್ಷ ಅಲ್ಲಿ ಗುಂಯ್ ಎನ್ನುತ್ತಿದ್ದದ್ದು ಅದೇ ಎಂದು ಆಗ ಎಲ್ಲರಿಗೂ ಗೊತ್ತಾಯಿತು. ಗುಮಾಸ್ತ ಪರಶುರಾಮ ಮರಾಠಿಯಲ್ಲಿ ದೇವರ ಹೆಸರು ಹೇಳಿದ. ಜೋರಾಗಿ ಮಾತಾಡಬೇಡಿ, ಮಲಗಿದೆ ಎಂದು ಸಾವುಕಾರರು ಹಮಾಲರನ್ನು ಗದರಿದರು. ನಾನು ಯಂತ್ರದ ಮುಚ್ಚಳ ತೆಗೆದು ಫ್ಯಾನಿಗೆ ಮೆತ್ತಿದ್ದ ತೌಡಿನ ಧೂಳನ್ನೂ ಉದುರಿದ ವಿಭೂತಿಯನ್ನೂ ಕುಂಚದಿಂದ ಒರೆಸಿದೆ. ಎತ್ತಿನ ಮೈ ತಿಕ್ಕಿದ ಹಾಗೆ ಎಂದು ಸಾವುಕಾರರಿಗೆ ಬಹಳ ಸಂತೋಷವಾಯಿತು.

ಹೊತ್ತು ಮುಳುಗಿತು. ದೀಪ ಹಚ್ಚಿ, ಕೈ ಮುಗಿದು, ಸಾವುಕಾರರೇ ಗುಂಡಿ ಒತ್ತಿದರು. ಫ್ಯಾನು ಒಮ್ಮೆ ತಿರುಗಿ ನಿಂತಿತು. ಪರದೆ ಕಪ್ಪಗೇ ಇತ್ತು. ದೇವರಿದ್ದಾನೆಯೇ ಇಲ್ಲವೇ ಎಂದು ಕಾಲೇಜಿನಲ್ಲಿ ಗಂಟೆಗಟ್ಟಲೆ ವಾದಿಸಿದವಳು ನಾನು. ಆ ಕಪ್ಪು ಪರದೆಯ ಮುಂದೆ ನನ್ನ ಅಜ್ಜಿಯ ಮನೆದೇವರಿಗೂ ಹರಕೆ ಹೊತ್ತೆ. ಫ್ಯಾನು ಮತ್ತೆ ತಿರುಗಿತು, ಈ ಸಲ ನಿಲ್ಲಲಿಲ್ಲ. ಅಕ್ಷರಗಳು ಒಂದೊಂದಾಗಿ ಮೂಡಿದವು. ಹೊಸ ಕರ್ನಲ್ ಕೂತಿತ್ತು. ನನಗೆ ಅಳು ಬಂತು, ಕಣ್ಣಿಗೆ ಧೂಳು ಹೋಯಿತು ಎಂದೆ.

ಸಾವುಕಾರರು ಪರದೆಗೆ ಮೂಗು ತಾಗಿಸಿ ನೋಡಿದರು. “ಏನ್ ಬದಲಾತ್ರೀ? ಎಲ್ಲಾ ಮೊದಲಿನಂಗ ಐತಲ್ಲ.”

“ಮೊದಲಿನಂಗ ಇರಲಿ ಅಂತನ ಮಾಡಿದ್ದು,” ಎಂದೆ.

ಅವರಿಗೆ ಅದು ಪೂರ್ತಿ ಹಿಡಿಸಲಿಲ್ಲ. ಆದರೆ ಮರುದಿನದಿಂದ ಅವರೇ ನನ್ನ ಪ್ರಚಾರಕರಾದರು. ಯಂತ್ರವನ್ನೂ ದುಡಿಸಿ ಕೊಲ್ಲಬಾರದು ಎಂದು ಬೀಗರಿಗೆಲ್ಲ ಬುದ್ಧಿ ಹೇಳಿದರು. ನಾನು ವರ್ಷಗಟ್ಟಲೆ ಕಳ್ಳರನ್ನು ತೋರಿಸಿ ಹೆದರಿಸಿದರೂ ಬಗ್ಗದ ಶಹಾಪುರದವರು ಈಗ ಒಬ್ಬೊಬ್ಬರಾಗಿ ಕರೆಯತೊಡಗಿದರು. ಭಯಕ್ಕೆ ಒಪ್ಪದವರು ಕರುಣೆಗೆ ಒಪ್ಪಿದರು. ಎಲ್ಲರಿಗೂ ಸೋಮವಾರವೇ ಬೇಕು. ಸೋಮವಾರ ಬಂತೆಂದರೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಓಡಿ ಓಡಿ ಯಂತ್ರಗಳನ್ನು ಮಲಗಿಸುವುದರಲ್ಲಿ ನನಗೆ ನೀರು ಕುಡಿಯಲೂ ಪುರುಸೊತ್ತಿಲ್ಲ.

ಮುಂದಿನ ಸಲ ಖಾನಾಪುರಕ್ಕೆ ಹೋದಾಗ ಸಾವುಕಾರರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ನೋಡಿದರು. “ಮೈ ಕಾಯ್ದಂಗ ಕಾಣ್ತದ. ನಿಮ್ಮ ಸೋಮವಾರ ಯಾವತ್ರೀ ಅಕ್ಕಾರ?”

ಭಾನುವಾರ ಎಂದು ಸುಳ್ಳು ಹೇಳಿದೆ. ಆದರೆ ಮಾತು ಒಳಗೆ ಕೂತಿತು. ಆ ಭಾನುವಾರ ನಿಜವಾಗಿಯೂ ಫೋನನ್ನು ಬಂದ್ ಮಾಡಿ ಅಕ್ಕಿ ಡಬ್ಬಿಯೊಳಗೆ ಇಟ್ಟೆ. ಯಾವ ಅಂಗಡಿ ನಿಂತಿತೋ, ಯಾವ ಸರ್ವರ್ ಬಿದ್ದಿತೋ, ಎಷ್ಟು ಜನ ನನ್ನ ಹೆಸರು ಹಿಡಿದು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾರೋ ಎಂದು ಊಟವೂ ಸೇರಲಿಲ್ಲ. ಹೊತ್ತು ಮುಳುಗಿದ ಮೇಲೆ ಡಬ್ಬಿಯಿಂದ ತೆಗೆದು, ಹೆದರುತ್ತಲೇ ಚಾಲೂ ಮಾಡಿದೆ. ಒಂದೇ ಒಂದು ಸಂದೇಶ ಬಂದಿತ್ತು, ರೀಚಾರ್ಜ್ ಮಾಡಿದರೆ ರಿಯಾಯಿತಿ ಎಂದು. ಯಾರಾದರೂ ಕರೆದಿದ್ದರೆಂಬ ಸೂಚನೆ ಒಂದೂ ಇರಲಿಲ್ಲ. ನಾನು ಇಲ್ಲದೆಯೂ ಬೆಳಗಾವಿ ಇಡೀ ದಿನ ಮೊದಲಿನಂತೆಯೇ ನಡೆದಿತ್ತು. ಬಹಳ ಬೇಜಾರಾಯಿತು. ಆಮೇಲೆ ಹಸಿವಾಯಿತು, ಎರಡು ರೊಟ್ಟಿ ಹೆಚ್ಚಿಗೆ ತಿಂದು ಒಂಬತ್ತಕ್ಕೇ ಮಲಗಿದೆ.