ಅಕ್ಕನ ಸನ್ಮಾನದಲ್ಲಿ ಬಾರಿಸಿದ ಗಂಗಾಳ

ನಿಜ ಹೇಳಿ, ಇದನ್ನು ಓದಲು ಕೂರುವ ಮೊದಲು ಊಟ ಮಾಡಿದ್ದೀರೋ ಇಲ್ಲವೋ? ಮಾಡಿದ್ದರೆ ಯಾರನ್ನು ಕೇಳಿ ಮಾಡಿದಿರಿ? ಯಾರನ್ನೂ ಕೇಳಿರಲಿಕ್ಕಿಲ್ಲ. ಹಸಿವಾಯಿತು, ಎದ್ದಿರಿ, ಬಡಿಸಿಕೊಂಡಿರಿ. ನಮಗೆ ಅಷ್ಟು ಸಿಗಬೇಕಾದರೆ ಒಬ್ಬ ಹೆಂಗಸು ಕೆಸರಿನಿಂದ ಎದ್ದು ಬಂದು ಉಣ್ಣುವ ಗಂಗಾಳ ಬಾರಿಸಬೇಕಾಯಿತು. ಮೊನ್ನೆ ಕೊಪ್ಪಳದಲ್ಲಿ ಅವಳಿಗೆ ಸನ್ಮಾನ ಮಾಡಿದರು. ಅಲ್ಲಿಂದ ಬಂದಾಗಿನಿಂದ ನನಗೆ ಮೈಯೆಲ್ಲ ಉರಿ. ಒಬ್ಬಳೇ ಕೂತು ಬೈದುಕೊಳ್ಳುವುದನ್ನು ಕೇಳಿ ಕೇಳಿ ಸಾಕಾಗಿ, ಮೊಮ್ಮಗಳು ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿಕೊಟ್ಟಳು. ಒಂದೇ ಬೆರಳಿನಲ್ಲಿ ಒತ್ತುತ್ತಿದ್ದೇನೆ. ಇಷ್ಟು ಸಿಟ್ಟಿಗೆ ಒಂದು ಬೆರಳು ಸಾಲುವುದಿಲ್ಲ.

ನಮ್ಮದು ಕುಕನೂರಿನ ಕಡೆಯ ಒಣಭೂಮಿ. ಊರಲ್ಲಿ ಕೆಲಸ ಇಲ್ಲದ ದಿನಗಳಲ್ಲಿ ಹೆಂಗಸರೆಲ್ಲ ಗುಂಪು ಕಟ್ಟಿಕೊಂಡು ಗಂಗಾವತಿಯ ಕಡೆ ನೆಲ್ಲು ಹಚ್ಚಲು ಹೋಗಿ, ಅಲ್ಲೇ ಗುಡಿಸಲು ಹಾಕಿಕೊಂಡು ಇರುತ್ತಿದ್ದೆವು. ಅಲ್ಲಿ ಕಾಲುವೆ ನೀರು, ಕಣ್ಣು ಹಾಯುವಷ್ಟೂ ಗದ್ದೆ. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡುತ್ತಾ ಸಸಿ ಊರುತ್ತಾ ಹೋಗಬೇಕು. ಸೊಂಟ ಎತ್ತಿದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತ ಸಾಹುಕಾರನ ಕಡೆಯವನು ಕೆಮ್ಮುತ್ತಿದ್ದ. ಅವನಿಗೆ ಕೆಮ್ಮೇನೂ ಇರಲಿಲ್ಲ.

ಊಟದ ಹೊತ್ತು ಎಂಬುದು ಅವನ ಬಾಯಲ್ಲಿತ್ತು. ಈ ಮಡಿ ಮುಗಿಯಲಿ ಅನ್ನುತ್ತಿದ್ದ. ಆ ಮಡಿ ಮುಗಿದರೆ ಪಕ್ಕದ ಮಡಿಗೆ ಆಗಲೇ ನೀರು ಬಿಟ್ಟಿರುತ್ತಿದ್ದ. ನಮ್ಮಲ್ಲಿ ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬಾಗಿದವಳ ಕಣ್ಣೆದುರು ನೀರಿನಲ್ಲಿ ಅವಳದೇ ನೆರಳು. ಅದು ಕುಗ್ಗುತ್ತಾ ಕುಗ್ಗುತ್ತಾ ಕಾಲಡಿಗೆ ಬಂದು ಕೂತರೆ ಮಧ್ಯಾಹ್ನ. ಆಮೇಲೆ ಅದು ಇನ್ನೊಂದು ಕಡೆಗೆ ಉದ್ದವಾಗುವುದನ್ನೂ ನೋಡುತ್ತಾ ಸಸಿ ಊರುತ್ತಿದ್ದೆವು. ಬುತ್ತಿ ಗಂಟು ಬದುವಿನ ಮೇಲಿನ ಜಾಲಿ ಗಿಡದಲ್ಲಿ ತೂಗುತ್ತಿತ್ತು.

ಗುಂಪಿನಲ್ಲಿ ಎಲ್ಲರಿಗಿಂತ ಸಣ್ಣವಳು ನಾನು. ಅದೇ ಜಾಲಿ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಎಳೆಗೂಸನ್ನು ಮಲಗಿಸಿದ್ದೆ. ಒಂದು ದಿನ ನೆರಳು ಕಾಲಡಿ ದಾಟಿ ಎಷ್ಟೋ ಹೊತ್ತಾಗಿತ್ತು. ಕೂಸು ಅತ್ತು ಅತ್ತು ಅದರ ದನಿಯೇ ಬಿದ್ದುಹೋಯಿತು. ನನ್ನ ಕುಪ್ಪಸ ತೊಯ್ದು ಹಾಲು ಹೊಟ್ಟೆಯ ತನಕ ಇಳಿಯುತ್ತಿತ್ತು. ಹೋಗಿ ಬರುತ್ತೇನೆಂದು ಕೇಳಿದೆ. ಈ ಮಡಿ ಮುಗಿಯಲಿ ಅಂದ. ನಾನು ಮತ್ತೆ ಬಾಗಿದೆ. ಬಾಗಿದ್ದು ನೆನಪಾದರೆ ಈಗಲೂ ಅವನ ಕೊಡೆ ಕಿತ್ತು ಕೆಸರಿಗೆ ಎಸೆಯೋಣ ಅನ್ನಿಸುತ್ತದೆ.

ಆಗ ನನ್ನ ಪಕ್ಕದ ಸಾಲಿನಿಂದ ಅವಳು ಎದ್ದಳು. ಗುಂಪಿಗೆಲ್ಲ ಹಿರಿಯಳು, ಎಲ್ಲರೂ ಅಕ್ಕ ಅನ್ನುತ್ತಿದ್ದೆವು. ಕೈಯಲ್ಲಿದ್ದ ಸಸಿಯ ಕಟ್ಟನ್ನು ನೀರಿಗೆ ಬಿಟ್ಟು, ಬದು ಹತ್ತಿ, ತನ್ನ ಬುತ್ತಿ ಬಿಚ್ಚಿ ಅಲ್ಯುಮಿನಿಯಂ ಗಂಗಾಳ ತೆಗೆದಳು. ಒಂದು ಕಲ್ಲು ಹೆಕ್ಕಿಕೊಂಡು ಬಾರಿಸತೊಡಗಿದಳು. ಬಾರಿಸುತ್ತಲೇ ಇದ್ದಳು. ಕೊಡೆಯವನು ಏನು ಹುಚ್ಚು ಹಿಡಿದಿದೆಯೇ ಎಂದು ಕೂಗಿದ.

"ಉಣ್ಣೂ ಹೊತ್ತಾತ್ರಿ," ಅಂದಳು ಅಕ್ಕ. "ನಮ್ಮ ನೆರಳು ನಮಗ ಹೇಳೈತಿ. ನೀವು ಕೊಡಿ ಹಿಡಿದೀರಿ, ನಿಮಗ ಕಂಡಿಲ್ಲ."

ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನಾನು ಕೆಸರುಗಾಲಲ್ಲೇ ಓಡಿ ಕೂಸನ್ನು ಎತ್ತಿಕೊಂಡೆ.

ಮರುದಿನ ನಮ್ಮನ್ನು ಕೆಲಸಕ್ಕೆ ಕರೆಯಲಿಲ್ಲ. ಎಲ್ಲರೂ ಗುಡಿಸಲಲ್ಲೇ ಇರಿ, ಬೇರೆ ಊರಿನ ಗುಂಪಿನವರ ಜೊತೆ ನಾನು ಮಾತಾಡಿದ್ದೇನೆ, ಅವರೂ ಬರುವುದಿಲ್ಲ ಅಂದಳು ಅಕ್ಕ. ರಾತ್ರಿ ಎಷ್ಟು ಗುಡಿಸಲು ಸುತ್ತಿ ಬಂದಿದ್ದಳೋ. ನಮ್ಮೊಳಗೇ ಕೆಲವರು ಅವಳನ್ನು ಬೈದರು, ನಿನ್ನ ಗಂಗಾಳದಿಂದ ನಮ್ಮ ಒಲೆ ಆರಿತು ಅಂದರು. ಅತ್ತ ಸಸಿ ಮಡಿಯಲ್ಲೇ ಬಲಿಯತೊಡಗಿತು. ಬಲಿತ ಸಸಿ ಹಚ್ಚಿದರೆ ತೆನೆ ಸಣ್ಣದು, ಅದು ಸಾಹುಕಾರನಿಗೂ ಗೊತ್ತು. ಕಡೆಗೆ ಕೊಡೆಯವನೇ ಗುಡಿಸಲ ಮುಂದೆ ಬಂದು ನಿಂತ. ಕೆಲಸಕ್ಕೆ ಬರ್ರಿ, ಆದರೆ ಗಂಗಾಳ ತರಬೇಡಿ, ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಬರ್ರಿ ಅಂದ. ನಾವು ಹಾಗೆಯೇ ಹೋದೆವು. ನೆರಳು ಕಾಲಡಿಗೆ ಬಂದಾಗ ಅಕ್ಕ ಅವನ ನೀರಿನ ಬಕೀಟನ್ನೇ ಬೋರಲು ಹಾಕಿ ಬಾರಿಸಿದಳು. ಅಂದು ಪಕ್ಕದ ಗದ್ದೆಯವರೂ ಬಾರಿಸಿದರು, ಅದರಾಚೆಯವರೂ ಬಾರಿಸಿದರು. ಕಾಲುವೆಯುದ್ದಕ್ಕೂ ಆ ಸದ್ದು ಗದ್ದೆಯಿಂದ ಗದ್ದೆಗೆ ಹೋಗುವುದನ್ನು ಕೇಳುತ್ತಾ ನಾವು ರೊಟ್ಟಿ ಮುರಿದೆವು. ಆಮೇಲಿನ ಎಷ್ಟೋ ವರ್ಷ ಆ ಸದ್ದಿಗೆ ಎಲ್ಲ ಗುಂಪುಗಳೂ ಏಳುತ್ತಿದ್ದವು.

ಇಷ್ಟು ಹೇಳಿದ್ದು ಏಕೆಂದರೆ, ಸನ್ಮಾನ ಮಾಡಿದ ಮಹಾನುಭಾವರಿಗೆ ಇದು ಗೊತ್ತಿರಲಿಲ್ಲ. ಗೊತ್ತಿತ್ತೋ ಏನೋ, ತಲೆಗೆ ಹೋಗಿರಲಿಲ್ಲ.

ಯಾವುದೋ ಸಮಿತಿಯವರು ಬಂದು ಕೂಲಿಕಾರರ ಹಕ್ಕಿಗೆ ಹೋರಾಡಿದ ತಾಯಿಗೆ ಗೌರವ ಎಂದು ಹೇಳಿ, ಹಳೆಯ ಗುಂಪಿನ ನಮ್ಮನ್ನೆಲ್ಲ ಟಂಟಂ ಆಟೋ ಹತ್ತಿಸಿ ಕರೆದುಕೊಂಡು ಹೋದರು. ನಾವು ಬೆಳಿಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ತೆಗೆದು ಉಟ್ಟಿದ್ದೆವು. ವೇದಿಕೆಯ ಮೇಲೆ ಶಾಮಿಯಾನ, ನಮ್ಮ ತಲೆಯ ಮೇಲೆ ಬಿಸಿಲು. ಫ್ಲೆಕ್ಸಿನಲ್ಲಿ ಬರಬೇಕಾದ ಗಣ್ಯರ ಮುಖ ಬಾಗಿಲಿನಷ್ಟು ದೊಡ್ಡದು. ಅಕ್ಕನ ಮುಖ ಕೆಳಗಿನ ಮೂಲೆಯಲ್ಲಿ ಅಂಚೆ ಚೀಟಿಯಂತೆ ಅಂಟಿಕೊಂಡಿತ್ತು.

ಗಣ್ಯರು ಬರಲಿಲ್ಲ. ಇನ್ನೇನು ಬಂದರು, ದಾರಿಯಲ್ಲಿದ್ದಾರೆ ಎಂದು ಮೈಕಿನವನು ಹೇಳುತ್ತಲೇ ಇದ್ದ. ಅವರು ಬರುವ ತನಕ ಒಬ್ಬರಾದ ಮೇಲೆ ಒಬ್ಬರು ಭಾಷಣ ಮಾಡಿದರು. ಅಕ್ಕ ಕುರ್ಚಿಯಲ್ಲಿ ಕೂತಿದ್ದಳು. ಅವಳಿಗೀಗ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿಕೊಂಡರೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಇಲ್ಲದಿದ್ದರೆ ತಲೆ ತಿರುಗಿ ಬೀಳುತ್ತಾಳೆ. ನಾನು ಕೆಳಗಿನಿಂದ ಅವಳ ಕೈಯನ್ನೇ ನೋಡುತ್ತಿದ್ದೆ. ಅದು ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಹಣೆಯಲ್ಲಿ ಬೆವರು. ಹಿಂದಿನ ತಗಡಿನ ಶೆಡ್ಡಿನಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿತ್ತು. ಅಡುಗೆ ಆಗಿ ಮುಚ್ಚಿಟ್ಟಿದ್ದರು.

ಎದ್ದು ಹೋಗಿ, ಕೊರಳಿಗೆ ಬ್ಯಾಡ್ಜು ಹಾಕಿಕೊಂಡ ಕಾರ್ಯಕರ್ತನೊಬ್ಬನನ್ನು ಹಿಡಿದೆ. ಆಕೆಗೆ ಹುಷಾರಿಲ್ಲ, ಎರಡು ತುತ್ತು ಕೊಡಿ ಎಂದು ಕೇಳಿದೆ.

"ಯಮ್ಮ, ಗಣ್ಯರು ಬಂದು ಸನ್ಮಾನ ಮುಗೀಲಿ," ಅಂದ. "ಅಲ್ಲೀತನಕ ಯಾರೂ ಏಳಂಗಿಲ್ರಿ. ಹೋಗಿ ಕೂಡ್ರಿ."

ಈ ಮಡಿ ಮುಗಿಯಲಿ. ಅದೇ ಮಾತು. ಕೊಡೆಯ ಬದಲು ಬ್ಯಾಡ್ಜು, ಅಷ್ಟೇ ವ್ಯತ್ಯಾಸ.

ನಾನು ನಿಜವಾಗಿಯೂ ತಿರುಗಿ ಹೋಗಿ ಕೂತೆ, ಹಳೆಯ ಅಭ್ಯಾಸ. ಆಗ ಮೈಕಿನ ಮುಂದೆ ಬಂದವರೊಬ್ಬರು ಅಕ್ಕನ ಕಡೆ ಕೈ ಮಾಡಿ, ಹಸಿವು ನೀರಡಿಕೆಯನ್ನು ಲೆಕ್ಕಿಸದೆ ಹೋರಾಡಿದ ಮಹಾತಾಯಿ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ತಲೆ ಕೆಟ್ಟುಹೋಯಿತು. ಹಸಿವನ್ನು ಲೆಕ್ಕಿಸಿರೋ ಎಂದೇ ಅಲ್ಲವೇ ಆಕೆ ಹೋರಾಡಿದ್ದು? ನಾವೇನು ಹಸಿವಿಲ್ಲದ ಎತ್ತುಗಳೇ? ಎತ್ತಿಗೂ ನೊಗ ಬಿಚ್ಚಿ ಮೇವು ಹಾಕುತ್ತಾರೆ. ಆಕೆ ಗೆದ್ದ ಒಂದೇ ಒಂದನ್ನು, ಆ ಉಣ್ಣುವ ಹೊತ್ತನ್ನು ಕಸಿದುಕೊಂಡು, ಅದರ ಮೇಲೆ ಶಾಲು ಹೊದಿಸಲು ಹೊರಟಿದ್ದಾರಲ್ಲ ಇವರು!

ನಾನು ಯಾರನ್ನೂ ಕೇಳದೆ ಶೆಡ್ಡಿಗೆ ಹೋದೆ. ತೊಳೆದು ಜೋಡಿಸಿದ್ದ ತಟ್ಟೆಗಳಲ್ಲಿ ಮೇಲಿನದನ್ನು ಎತ್ತಿಕೊಂಡೆ. ಅಡುಗೆಯವನು ಏನು ಬೇಕಮ್ಮ ಅಂದ. ನಿನ್ನ ಸೌಟು ಅಂದೆ. ಪಾಪ, ಕೊಟ್ಟ. ವೇದಿಕೆಯ ಮಗ್ಗುಲಿಗೆ ಬಂದು ನಿಂತು ಬಾರಿಸಿದೆ.

ಮೊದಲು ಎದ್ದವಳು ಮುಂದಿನ ಸಾಲಿನ ಮುದುಕಿ, ನಮ್ಮ ಹಳೆಯ ಗುಂಪಿನವಳೇ. ಕಿವಿ ಅಷ್ಟಾಗಿ ಕೇಳುವುದಿಲ್ಲ, ಆದರೂ ಎದ್ದಳು. ಎದ್ದು ಸೀರೆಯ ನಿರಿಗೆಯನ್ನು ಕೆಸರಿನಿಂದ ಬಿಡಿಸಿಕೊಂಡವಳಂತೆ ಕೊಡವಿಕೊಂಡಳು. ಆಮೇಲೆ ಅವಳ ಪಕ್ಕದವಳು, ಹಿಂದಿನವಳು. ಮೊಣಕಾಲು ಹಿಡಿದುಕೊಂಡು, ಒಬ್ಬರನ್ನೊಬ್ಬರು ಊರಿಕೊಂಡು ಎಲ್ಲರೂ ಎದ್ದರು. ಏಕೆ ಎದ್ದೆವೆಂದು ಗೊತ್ತಿಲ್ಲದ ಹರೆಯದವರೂ ಅವರ ಹಿಂದೆ ಬಂದರು. ಮೈಕಿನವನು ದಯವಿಟ್ಟು ಆಸೀನರಾಗಿ ಎಂದು ಅರಚುತ್ತಲೇ ಇದ್ದ. ಅಕ್ಕನ ಇಬ್ಬರು ಸೊಸೆಯಂದಿರು ವೇದಿಕೆ ಹತ್ತಿ ಅವಳನ್ನು ಕುರ್ಚಿ ಸಮೇತ ಇಳಿಸಿದರು.

ಊಟದ ಸಾಲಿನಲ್ಲಿ ಅವಳಿಗೆ ಮೊದಲು ಬಡಿಸಿದೆವು. ಹುಗ್ಗಿ ಎರಡು ತುತ್ತು ಹೋದ ಮೇಲೆ ಕೈ ನಡುಗುವುದು ನಿಂತಿತು. ಆಗ ಕಾರು ಬಂತು, ಗಣ್ಯರು ಇಳಿದರು. ಎದುರಿಗೆ ಖಾಲಿ ಕುರ್ಚಿಗಳು. ಬ್ಯಾಡ್ಜಿನವನು ನನ್ನ ಹತ್ತಿರ ಬಂದು, ಎಲ್ಲರ ಮುಂದೆ ನಮ್ಮ ಮರ್ಯಾದೆ ಕಳೆದಿರಿ ಎಂದು ಹಲ್ಲು ಕಡಿದ. ಕಳೆದದ್ದು ನಿನ್ನದಾದರೆ ಹುಡುಕಿಕೋ, ನಮ್ಮದು ಇಲ್ಲಿ ಉಣ್ಣುತ್ತಾ ಕೂತಿದೆ ಅಂದೆ. ಗಣ್ಯರು ಶಾಲು ಹಿಡಿದು ಊಟದ ಸಾಲಿಗೇ ಬಂದರು. ಅಕ್ಕ ತಲೆ ಎತ್ತದೆ, ಉಂಡು ಕೈ ತೊಳೆಯುವ ತನಕ ನಿಲ್ಲಬೇಕು ಅಂದಳು. ಅವರು ನಿಂತರು. ಫೋಟೋದವನೂ ನಿಂತ.

ನನಗೆ ಒಳಗೊಳಗೇ ಹಿಗ್ಗು. ತಟ್ಟೆ, ಸೌಟು ಕೈಯಲ್ಲೇ ಇದ್ದವು. ಅಂದು ನನ್ನ ಕೂಸಿಗಾಗಿ ಬಾರಿಸಿದವಳಿಗೆ ಇಂದು ನಾನು ಬಾರಿಸಿದೆನಲ್ಲ ಎಂದು ಅವಳ ಪಕ್ಕ ಹೋಗಿ ಕೂತೆ. ಹೆಂಗಾತು ಯಕ್ಕಾ, ಎಂದು ಕೇಳಿದೆ. ಒಂದಾದರೂ ಒಳ್ಳೆಯ ಮಾತು ಬಂದೀತೆಂದು ಕಾದೆ. ಅವಳು ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು ನುಂಗಿ, ಅಂಗಳದ ಬಿಸಿಲಿನಲ್ಲಿ ಶಾಲು ಹಿಡಿದು ನಿಂತವರ ಉದ್ದನೆಯ ನೆರಳನ್ನು ನೋಡಿ ಅಂದಳು:

"ಏ ಹುಡುಗಿ, ನೆರಳು ಎಲ್ಲಿಗೆ ಹೋಗೈತಿ ನೋಡು. ಇಷ್ಟು ತಡಾ ಮಾಡಿ ಬಾರಿಸೂದಾದ್ರ ಗಂಗಾಳ ಯಾಕ ಬೇಕಿತ್ತು? ಆ ಕೊಡಿ ಹಿಡಿದವನ ಬಾಯಿನೇ ಸಾಕಿತ್ತಲ್ಲ."