ಮುಟ್ಟು ಎಂಬ ಮಾತು

ಹರಿಹರದ ನಮ್ಮ ಮನೆಯಲ್ಲಿ ಮುಟ್ಟು ಎಂದರೆ ಉಳಿ, ಬಾಚಿ, ಗರಗಸ. ಅಪ್ಪ ಬಡಗಿ. ‘ಮುಟ್ಟಿನ ಚೀಲ ತಗಂಬಾರವ್ವ’ ಎನ್ನುತ್ತಿದ್ದ, ನಾನು ಎರಡೂ ಕೈಯಲ್ಲಿ ಎತ್ತಿ ಕೊಡುತ್ತಿದ್ದೆ. ತಿಂಗಳ ಆ ದಿನಗಳಲ್ಲೂ ಕೊಟ್ಟಿದ್ದೇನೆ. ಅವ್ವ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಬೇಡ ಎನ್ನುವವರು ಯಾರೂ ಇರಲಿಲ್ಲ.

ಮದುವೆಯಾಗಿ ದಾವಣಗೆರೆಯ ನಿಟ್ಟುವಳ್ಳಿಗೆ ಬಂದ ಮೇಲೆ ಆ ಮಾತಿಗೆ ಉಳಿದದ್ದು ಒಂದೇ ಅರ್ಥ. ತಿಂಗಳಿಗೆ ಮೂರು ದಿನ ಹಿತ್ತಲ ಬಾಗಿಲ ಪಕ್ಕ ಚಾಪೆ, ಬೇರೆ ತಟ್ಟೆ, ಬೇರೆ ಲೋಟ. ಒಮ್ಮೆ ತವರಿನಿಂದ ಬಸ್ಸಿಳಿದು ಬಂದು, ಅದೇ ಚಾಪೆಯ ಮೇಲೆ ಕೂತು ಅಪ್ಪನಿಗೆ ಫೋನಿನಲ್ಲಿ ‘ಮುಟ್ಟಿದೆ ಅಪ್ಪಾ’ ಎಂದೆ. ಅತ್ತೆ ಒಳಗಿನಿಂದ ಓಡಿ ಬಂದರು.

‘ಏನ್ ಮುಟ್ಟಿದಿ? ನೀರಿನ ಕೊಡಾನಾ?’

‘ಊರು ಮುಟ್ಟಿದೆ ಅಂದೆ ಅತ್ತಿ.’

ಆದರೂ ಕೊಡದ ನೀರೆಲ್ಲ ಚೆಲ್ಲಿದರು. ಅಂದು ನಕ್ಕು ಸುಮ್ಮನಾದೆ. ಹದಿನಾಲ್ಕು ವರ್ಷ ಸುಮ್ಮನೇ ಇದ್ದೆ.

ಕಳೆದ ವರ್ಷ ಮಗಳು ದೊಡ್ಡವಳಾದಳು. ಅವಳ ಎರಡನೇ ಮುಟ್ಟು ಗಣಿತ ಪರೀಕ್ಷೆಯ ಹಿಂದಿನ ದಿನವೇ ಬಂತು. ಶಾಲೆಯಿಂದ ಬಂದವಳಿಗೆ ಅತ್ತೆ ನನ್ನ ಚಾಪೆಯನ್ನೇ ಹಾಸಿದರು. ಅವಳು ಚೀಲದಿಂದ ಪುಸ್ತಕ ತೆಗೆಯಹೋದಳು. ‘ಸರಸ್ವತಿ ಅದು, ಮುಟ್ಟಬ್ಯಾಡ ಕೂಸೆ’ ಎಂದರು. ಮಗಳು ನನ್ನ ಮುಖ ನೋಡಿದಳು. ಅಳಲಿಲ್ಲ, ಕಾದಳು.

ನಾನು ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದೆ. ‘ಪುಸ್ತಕ ಮುಟ್ಟು. ಏನ್ ಬೇಕೋ ಮುಟ್ಟು. ಒಳಗ ಕೂತು ಓದು’ ಎಂದೆ.

‘ಇನ್ನ ಈ ಮನ್ಯಾಗ ನೀರು ಸೈತ ಕುಡಿಯಂಗಿಲ್ಲ ನಾನು’ ಎಂದರು ಅತ್ತೆ.

‘ನಿಮ್ಮಿಷ್ಟ ಅತ್ತಿ. ಆದ್ರ ಅಲ್ಲಿ ನನ್ ಮಗಳು ಕೂಡಂಗಿಲ್ಲ. ನಾನೂ ಕೂಡಂಗಿಲ್ಲ.’

ಗಂಡ ಪೇಪರ್ ಮಡಚಿದರು. ‘ಹೋಗ್ಲಿ ಬಿಡು, ಮೂರು ದಿನ ತಾನೆ?’

‘ಹಂಗಾದ್ರ ನೀವು ಕೂಡ್ರಿ.’

ಅವರು ಪೇಪರ್ ಮತ್ತೆ ಬಿಡಿಸಿದರು.

ಅತ್ತೆ ಎರಡು ದಿನ ಅಂಗಡಿಯ ಮಂಡಕ್ಕಿ, ಬಾಳೆಹಣ್ಣು ತಿಂದರು. ಊಟಕ್ಕೆ ಒಮ್ಮೆ ಕರೆದೆ, ಎರಡನೇ ಸಲ ಕರೆಯಲಿಲ್ಲ. ಮೂರನೇ ದಿನ ಅವರೇ ಬಂದು ಅನ್ನ ಬಡಿಸಿಕೊಂಡರು.

ಮುಂದಿನ ವಾರ ನನ್ನ ಸರದಿ. ಮುಚ್ಚಿಡಬಹುದಿತ್ತು. ಒಲೆ ಹಚ್ಚುವ ಮೊದಲೇ ಹೇಳಿದೆ: ‘ಅತ್ತಿ, ನಾನು ಮುಟ್ಟಾಗೇನಿ. ರೊಟ್ಟಿ ಎಷ್ಟು ಹಾಕ್ಲಿ?’

ಅವರು ಮುಖ ತಿರುಗಿಸಿದರು. ಎರಡು ರೊಟ್ಟಿ, ಪಲ್ಯ ಹಾಕಿ ತಟ್ಟೆ ಮುಂದಿಟ್ಟೆ. ಅತ್ತೆ ಗೋಡೆ ನೋಡುತ್ತಲೇ ಕೇಳಿದರು, ‘ಶೇಂಗಾ ಚಟ್ನಿ ಎಲ್ಲೈತೆ?’