ಅತ್ತೆ ಕೊಟ್ಟ ಅಪ್ಪಣೆ

ಅಕ್ಟೋಬರ್ ಬಂತೆಂದರೆ ಐರ್ಲೆಂಡಿನ ನಮ್ಮ ಕಾರ್ಕ್ ಊರಿನಲ್ಲಿ ಯೂನಿವರ್ಸಿಟಿ ಪಕ್ಕದ ಕಮ್ಯುನಿಟಿ ಹಾಲಿನಲ್ಲಿ ಕಪ್ಪು ಸಮುದಾಯದ ಕಲೆ, ವಿದ್ವತ್ತನ್ನು ಕೊಂಡಾಡುವ ಸಂಜೆಗಳು ನಡೆಯುತ್ತವೆ. ಆ ವರ್ಷ ಮೈಸೂರಿನಿಂದ ಬಂದಿದ್ದ ಅತ್ತೆಯನ್ನೂ ಕರೆದುಕೊಂಡು ಹೋದೆ. ಇಂಗ್ಲಿಷ್ ಬಾರದವರು, ಬೇಸರವಾದರೆ ಸದ್ದಿಲ್ಲದೆ ಎದ್ದು ಬರಬಹುದೆಂದು ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂರಿಸಿದೆ. ಅದು ನನ್ನ ಅತಿ ಜಾಣತನ.

ಅಂದು ಮಾತಾಡಬೇಕಿದ್ದವರು ನೈಜೀರಿಯಾ ಮೂಲದ ಇತಿಹಾಸದ ಪ್ರೊಫೆಸರ್. ಮೈಕ್ ಹಿಡಿಯುವ ಮೊದಲು ಸಭೆಯಲ್ಲೆಲ್ಲ ಕಣ್ಣಾಡಿಸಿದ ಆಕೆ, ಮುಂದಿನ ಸಾಲಿನ ಗಣ್ಯರನ್ನು ದಾಟಿ ನೇರ ಅತ್ತೆಯ ಬಳಿ ಬಂದು ಮಂಡಿಯೂರಿದರು. ಹಿರಿಯರ ಒಪ್ಪಿಗೆಯಿಲ್ಲದೆ ತಮ್ಮ ಮನೆತನದಲ್ಲಿ ಯಾರೂ ಸಭೆಯಲ್ಲಿ ಬಾಯಿ ತೆರೆಯುವುದಿಲ್ಲ, ಇಲ್ಲಿ ಎಲ್ಲರಿಗಿಂತ ಹಿರಿಯರು ಇವರೇ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ.

ಅತ್ತೆ ಆಕೆಯ ತಲೆಯ ಮೇಲೆ ಕೈಯಿಟ್ಟು, "ಮಾತಾಡಮ್ಮ, ಒಳ್ಳೇದಾಗ್ಲಿ" ಎಂದರು.

ವೇದಿಕೆಗೆ ಹೋಗಿ, ತಮ್ಮ ಹೆಗಲ ಮೇಲೆ ಹೊದ್ದಿದ್ದ ಬಟ್ಟೆಯನ್ನೇ ಬಿಡಿಸಿ ಹಿಡಿದು, ಅದರ ನೇಯ್ಗೆಯೊಳಗಿನ ಚರಿತ್ರೆಯನ್ನು ಆಕೆ ಎಳೆ ಎಳೆಯಾಗಿ ಹೇಳಿದರು. ಅಂಥ ಉಪನ್ಯಾಸವನ್ನು ನಾನು ಮೊದಲು ಕೇಳಿರಲಿಲ್ಲ. ಆದರೂ ಒಂದು ಗಂಟೆಯಾದ ಮೇಲೆ ಪಿಸುಗುಟ್ಟಿದೆ: "ಬೇಜಾರಾಯ್ತಾ ಅತ್ತೆ? ಮನೆಗೆ ಹೋಗೋಣ್ವಾ?"

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ಅಪ್ಪಣೆ ಕೊಟ್ಟಿರೋಳು ನಾನು. ಮಧ್ಯದಲ್ಲಿ ಎದ್ದು ಹೋಗ್ತಾರೇನೇ?"